ಟರ್ಕಿಶ್‌ನ ಪ್ರೀತಿ, ಸಂಕಟ ಇಂಗ್ಲಿಷಿಗೆ ಬರಬೇಕಾದರೆ

ಟರ್ಕಿಶ್ ಧಾರಾವಾಹಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುತ್ತಿದ್ದೀರಾ? ನಿಘಂಟು ಸ್ವಲ್ಪ ಪಕ್ಕಕ್ಕಿಡಿ. ಯಾರು, ಯಾರಿಗೆ, ಯಾವ ಹೊತ್ತಲ್ಲಿ ಹೇಳುತ್ತಿದ್ದಾರೆ ಅಂತ ಮೊದಲು ನೋಡಿ.

'ಜಾನಿಮ್' ತಗೊಳ್ಳಿ. ನೇರ ಅರ್ಥ 'ನನ್ನ ಜೀವ'. ಅಮ್ಮ ಮಗುವಿಗೆ ಹೇಳಿದರೆ 'ಸ್ವೀಟಿ', ಗಂಡ ಹೆಂಡತಿಗೆ ಹೇಳಿದರೆ 'ಡಾರ್ಲಿಂಗ್', ಆದರೆ ಜಗಳದ ಮಧ್ಯೆ ರಾಗ ಎಳೆದು ಹೇಳಿದರೆ ಅದರಲ್ಲಿ ಪ್ರೀತಿ ಎಲ್ಲಿ, ಬರೀ ಕೊಂಕು ಅಲ್ವಾ? ಎಲ್ಲ ಕಡೆ ಸುಮ್ನೆ 'ಮೈ ಲೈಫ್' ಅಂತ ತುಂಬಬೇಡಿ.

'ಕುರ್ಬಾನ್ ಒಲಾಯಿಮ್' ಇನ್ನೂ ಕಷ್ಟ. 'ನಿನಗೆ ಬಲಿಯಾಗುತ್ತೇನೆ' ಅಂತ ಇಂಗ್ಲಿಷಲ್ಲಿ ಬರೆದರೆ ಕೊಲೆ ಕಥೆ ಆಗಿಬಿಡುತ್ತದೆ! ಅಂಗಲಾಚುವಾಗ 'ಪ್ಲೀಸ್, ಐ ಬೆಗ್ ಯೂ' ಸಾಕು. ಅಜ್ಜಿ ಮೊಮ್ಮಗನನ್ನು ಮುದ್ದಾಡುವಾಗ 'ಓ ಮೈ ಡಾರ್ಲಿಂಗ್ ಬಾಯ್'. ನಮ್ಮ ಅಜ್ಜಿಯರು ದೃಷ್ಟಿ ನೀವಾಳಿಸುವುದನ್ನು ನೋಡಿದವರಿಗೆ ಈ ಭಾವ ಬೇಗ ಹಿಡಿಯುತ್ತದೆ.

ಸಾವಿನ ಮನೆಯಲ್ಲಿ ಹೇಳುವ 'ಬಾಶಿನ್ ಸಾ ಒಲ್ಸುನ್' ಸುಲಭ: 'ಐಯಾಮ್ ಸೋ ಸಾರಿ ಫಾರ್ ಯುವರ್ ಲಾಸ್'. ನೇರ ಅರ್ಥ 'ನಿನ್ನ ತಲೆ ಆರೋಗ್ಯವಾಗಿರಲಿ', ಆ ತಲೆಯ ಮಾತು ಬಿಟ್ಟುಬಿಡಿ.

ಟರ್ಕಿಶ್‌ನ 'ಒ' ಅಂದರೆ ಅವನು, ಅವಳು, ಅದು, ಎಲ್ಲವೂ. ಪ್ರೇಮಗೀತೆಯಲ್ಲಿ ಇದು ದೊಡ್ಡ ತಲೆನೋವು. ಹಾಡಿನಲ್ಲಿ ಸುಳಿವೇ ಇಲ್ಲದಿದ್ದರೆ ಸಾಲನ್ನು 'ಯೂ'ಗೆ ತಿರುಗಿಸಿ, ಆದರೆ ಮೊದಲಿಂದ ಕೊನೆವರೆಗೂ ಹಾಗೇ ಇಡಿ.

'ಸೆನ್' ಬಿಟ್ಟು 'ಸಿಜ಼್' ಅಂದರೆ ನೀನು ಹೋಗಿ ನೀವು ಬಂದಂತೆ. ಇಂಗ್ಲಿಷಲ್ಲಿ ಎರಡಕ್ಕೂ ಒಂದೇ 'ಯೂ', ಹಾಗಾಗಿ ಆಪ್ತರ ನಡುವೆ ಹೀಗೆ ಬಂದ ಮುನಿಸು ತೋರಿಸಲು 'ಸರ್', 'ಮ್ಯಾಡಮ್' ಸೇರಿಸಿ, ಇಲ್ಲವೇ ವಾಕ್ಯವನ್ನೇ ಬಿಗಿ ಮಾಡಿ.