ಹತ್ತು ಮನೆಯ ಹುಣಸೆಗೆ ಒಂದೇ ಘಟಕ: ಎಡವುವುದು ತಕ್ಕಡಿಯಲ್ಲಿ

ತುಮಕೂರು ಕಡೆ ಬದುವಿನಲ್ಲಿ ಎರಡು ಮೂರು ಹುಣಸೆ ಮರ ಇಟ್ಟುಕೊಂಡವರು ಬಹಳ. ಹಣ್ಣು ಮರದಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹತ್ತು ಮನೆಯವರು ಸೇರಿ ಕುಟ್ಟಿ ಮಾರಿದರೆ ನಾಲ್ಕು ಕಾಸು ಜಾಸ್ತಿ ಉಳಿಯುತ್ತದೆ. ಆದರೆ ನಾನು ನೋಡಿದ ಮಟ್ಟಿಗೆ ಇಂಥ ಘಟಕಗಳು ನಿಲ್ಲುವುದು ಯಂತ್ರ ಕೆಟ್ಟು ಅಲ್ಲ, ಲೆಕ್ಕ ಕೆಟ್ಟು.

ಮೊದಲು ಗುಂಪು ಕಟ್ಟಿ. ಹತ್ತು ಬೆಳೆಗಾರರಿದ್ದರೆ ಉತ್ಪಾದಕರ ಕಂಪನಿ, ಅಂದರೆ ಬೆಳೆಗಾರರೇ ಒಡೆಯರಾದ ಕಂಪನಿ, ನೋಂದಾಯಿಸಬಹುದು. ಜಾಗಕ್ಕೆ ಬಾಡಿಗೆ ಶೆಡ್ ಸಾಕು.

ಮುಖ್ಯವಾದದ್ದು ಹಣ್ಣು ತೆಗೆದುಕೊಳ್ಳುವ ದಿನ. ಚೀಲ ತೂಗಿ ಎಲ್ಲವನ್ನೂ ಒಂದೇ ರಾಶಿಗೆ ಸುರಿಯಬೇಡಿ. 100 ಕೆ.ಜಿ. ಹಣ್ಣಿನಲ್ಲಿ ತಿರುಳು ಸುಮಾರು 55 ಕೆ.ಜಿ., ಬೀಜ 34, ಉಳಿದದ್ದು ಓಡು, ನಾರು. ಇದು ಸರಾಸರಿ ಮಾತ್ರ. ಮರದಿಂದ ಮರಕ್ಕೆ ಬದಲಾಗುತ್ತದೆ. ಚೀಲದ ತೂಕಕ್ಕೆ ದುಡ್ಡು ಕೊಟ್ಟರೆ ಒಳ್ಳೆ ಹಣ್ಣು ತಂದವರಿಗೇ ನಷ್ಟ, ಅಲ್ವಾ? ಅದಕ್ಕೇ ಪ್ರತಿಯೊಬ್ಬರ ಚೀಲದ ಮೇಲೆ, ನಡುವೆ, ತಳದಿಂದ ಸೇರಿಸಿ 10 ಕೆ.ಜಿ. ತೆಗೆಯಿರಿ. ತಂದವರ ಎದುರೇ ಕುಟ್ಟಿ, ಬೀಜ ಬಿಡಿಸಿ, ತಿರುಳು ತೂಗಿ. ಆ ಲೆಕ್ಕದಲ್ಲೇ ಪುಸ್ತಕಕ್ಕೆ ಬರೆದು ಚೀಟಿ ಕೈಗೆ ಕೊಡಿ. ನೆಂಟರು, ಅಧ್ಯಕ್ಷರು ಎಂದು ಯಾರಿಗೂ ವಿನಾಯಿತಿ ಕೊಡಬೇಡಿ. ನೀರು ಚಿಮುಕಿಸಿ ತರುವವರೂ ಇರುತ್ತಾರೆ. ಒಣಗಿದ ಓಡು ಬೆರಳಲ್ಲಿ ಒತ್ತಿದರೆ ಪಟ್ಟೆಂದು ಒಡೆಯಬೇಕು. ಬಾಗಿದರೆ ವಾಪಸ್ ಒಣಗಲು ಕಳಿಸಿ. ಹಳೆಯ ಕಪ್ಪು ಹಣ್ಣನ್ನು ಬೇರೆಯೇ ಇಡಿ. ಒಂದು ಚೀಲ ಬೆರೆತರೂ ಇಡೀ ರಾಶಿಯ ಬೆಲೆ ಬೀಳುತ್ತದೆ.

ಅವತ್ತೇ ಸ್ವಲ್ಪ ಮುಂಗಡ ಕೊಡಿ, ಬಾಕಿ ಮಾರಿದ ಮೇಲೆ. ಕೈಯಲ್ಲಿ ಕಾಸಿಲ್ಲದವರು ಮುಂದಿನ ವರ್ಷ ಮತ್ತೆ ಗುತ್ತಿಗೆದಾರನ ಹತ್ತಿರವೇ ಹೋಗುತ್ತಾರೆ. ಮುಂಗಡಕ್ಕೆ ಗುಂಪಿನ ಕೈಯಲ್ಲಿ ಕಾಸು ಇರಬೇಕು, ಹಾಗಾಗಿ ಮೊದಲ ಸುಗ್ಗಿಯಲ್ಲಿ ಯಂತ್ರ ಬೇಡ, ಕೂಲಿ ಕೊಟ್ಟು ಕುಟ್ಟಿಸಿ. ಅಗ್ಗದ ಬೀಜ ಬಿಡಿಸುವ ಯಂತ್ರಗಳು ಬೀಜವನ್ನೇ ಒಡೆದು ಚೂರನ್ನು ತಿರುಳಿಗೆ ಮೆತ್ತುತ್ತವೆ. ನಿಮ್ಮದೇ ಹಣ್ಣು ಹಾಕಿ ನೋಡದೆ ದುಡ್ಡು ಕೊಡಬೇಡಿ. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಗುಂಪಿನ ಸಾಮಾನ್ಯ ಸೌಲಭ್ಯಕ್ಕೆ ಶೇ 35ರಷ್ಟು ಸಹಾಯಧನ ಇಟ್ಟಿದ್ದರು, ಬ್ಯಾಂಕ್ ಸಾಲದ ಜೊತೆಗೆ. ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಸಬ್ಸಿಡಿ ಸಿಗುತ್ತದೆ ಅಂತ ಸುಮ್ನೆ ದೊಡ್ಡ ಯಂತ್ರ ತರಬೇಡಿ.

ಕಬ್ಬಿಣದ ತಟ್ಟೆ, ಬಾಣಲಿ ಹತ್ತಿರ ಸುಳಿಯಬಾರದು. ಹುಳಿಗೆ ತಿರುಳು ಕಪ್ಪಾಗುತ್ತದೆ. ಒಣಗಿಸಿ, ಒತ್ತಿ ಕಟ್ಟಿ, ಮಳೆಗಾಲಕ್ಕೆ ಮುಂಚೆಯೇ ಶೀತಲಗೃಹಕ್ಕೆ ಹಾಕಿ. ಸಾಮಾನ್ಯ ಗೋದಾಮಿನಲ್ಲಿ ಕೆಂಪು ಬಣ್ಣ ನಿಲ್ಲುವುದಿಲ್ಲ.

ಮಾರುವಾಗ ಒಂದೇ ಮಂಡಿಗೆ ಕಟ್ಟುಬೀಳದೆ ಎರಡು ಮೂರು ಕಡೆ ಮಾದರಿ ತೋರಿಸಿ. ಪ್ಯಾಕೆಟ್ ಮಾಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇಲ್ಲವೇ ಪರವಾನಗಿ ಬೇಕು. ಬೀಜವನ್ನು ತಿಪ್ಪೆಗೆ ಎಸೆಯಬೇಡಿ. ಅದರ ಪುಡಿಗೆ ಬಟ್ಟೆ ಗಿರಣಿಗಳಲ್ಲಿ ಗಿರಾಕಿ ಇದೆ. ಆ ದುಡ್ಡನ್ನೂ ಅದೇ ಪುಸ್ತಕಕ್ಕೆ ಬರೆಯಿರಿ.