ಒಂದು ಮನೆ, ಮೂರು ಕಾರ್ಡು

ಕೋಲಾರದ ಕಡೆಯ ಹಾಲಿನ ಸಂಘದ ನನ್ನಂಥ ಕಾರ್ಯದರ್ಶಿಗಳಿಗೆ ಇದು ಗೊತ್ತಿದ್ದದ್ದೇ. ಹಾಲು ಹಾಕುವ ತಾಯಿಗೆ ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ, ಬಿಪಿಎಲ್ ಚೀಟಿಯಿಂದ ಸರ್ಕಾರದ ಚಿಕಿತ್ಸಾ ಯೋಜನೆ ಆರೋಗ್ಯ ಕರ್ನಾಟಕ, ನರಸಾಪುರದ ಕಾರ್ಖಾನೆಗೆ ಹೋಗುವ ಮಗನಿಂದ ನೌಕರರ ವಿಮೆ ಇಎಸ್‌ಐ. ಕಾರ್ಡು ಮೂರಿದ್ದರೂ ಕಾಯಿಲೆ ಬಂದಾಗ ಹಸು ಮಾರುತ್ತಾರೆ. ಇದನ್ನು ಸರಿಪಡಿಸುತ್ತೇನೆ ಎಂದಾಗ, ‘ಹಾಲಿನ ಫ್ಯಾಟು ನೋಡುವವನಿಗೆ ಪಿತ್ತಕೋಶದ ಉಸಾಬರಿ ಏಕೆ?’ ಎಂದು ನಮ್ಮ ಅಧ್ಯಕ್ಷರು ನಕ್ಕರು.

ನಗುವಂತೆಯೇ ಆಯಿತು. ಮೊದಲನೆಯವರನ್ನು ಪಿತ್ತಕೋಶದ ಕಲ್ಲಿಗೆಂದು ಯಶಸ್ವಿನಿ ಕಾರ್ಡಿನೊಂದಿಗೆ ಕಳುಹಿಸಿದೆ. ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲೇ ಇರಲಿಲ್ಲ. ನಲವತ್ತು ಸಾವಿರದ ಆಸುಪಾಸು ಬಿಲ್ಲು. ಅದರಲ್ಲಿ ಮೂರು ಸಾವಿರ ನಾನೇ ಕೊಟ್ಟೆ, ನಾಚಿಕೆಗೆ. ಎರಡನೆಯವರು ಆರೋಗ್ಯ ಕರ್ನಾಟಕದ ಕಾರ್ಡು ಹಿಡಿದು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ಬೆಂಗಳೂರಿಗೆ ಹೋಗಿ ವಾಪಸಾದರು, ಕಾರಿನ ಬಾಡಿಗೆ ದಂಡ. ತುರ್ತು ಚಿಕಿತ್ಸೆಗೆ ಮಾತ್ರ ಪತ್ರ ಬೇಡ ಎಂಬುದನ್ನು ಅವರು ಎಲ್ಲದಕ್ಕೂ ಬೇಡ ಎಂದುಕೊಂಡಿದ್ದರು.

ಆಮೇಲೆ ಮನೆಗೊಂದು ಪುಟದ ಪುಸ್ತಕ ಮಾಡಿದೆ. ಯಾರ ಹೆಸರು ಯಾವ ಕಾರ್ಡಿನಲ್ಲಿದೆ, ಆಧಾರ್‌ನಲ್ಲಿ ಅಕ್ಷರ ಹೇಗಿದೆ, ಯಾವ ಕಾಯಿಲೆಗೆ ಯಾವುದು. ಒಂದು ಕಾಯಿಲೆಗೆ ಒಂದೇ ಕಾರ್ಡು, ಅದೂ ದಾಖಲಾಗುವ ಮುಂಚೆಯೇ ತೀರ್ಮಾನ. ನಡುವೆ ಕಾರ್ಡುಗಳಿಗೆ ಬಣ್ಣದ ಚೀಟಿ ಅಂಟಿಸಿ ನೋಡಿದೆ. ಮಕ್ಕಳು ಕಿತ್ತು ಕರುವಿನ ಹಣೆಗೆ ಅಂಟಿಸಿದರು. ಯಶಸ್ವಿನಿಯ ಐನೂರು ರೂಪಾಯಿ ವಂತಿಗೆಯನ್ನು ಹಾಲಿನ ಹಣದ ಎರಡು ಬಟವಾಡೆಯಲ್ಲಿ ಹಿಡಿದುಕೊಂಡದ್ದು ಮಾತ್ರ ಕೈಹಿಡಿಯಿತು. ನವೀಕರಣ ತಪ್ಪಿದ ಮನೆ ಎರಡೋ ಮೂರೋ.

ಗೆದ್ದದ್ದು ಸದಸ್ಯೆಯೊಬ್ಬರ ಯಜಮಾನರ ಹೃದಯದ ವಿಷಯದಲ್ಲಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಿಂದ ರೆಫರಲ್ ಪತ್ರ ಪಡೆದು, ಆರೋಗ್ಯ ಕರ್ನಾಟಕದಲ್ಲಿ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ಕೈಯಿಂದ ಹೋದದ್ದು ಬಸ್ಸು, ಊಟ ಸೇರಿ ಎರಡು ಸಾವಿರ. ಪತ್ರ ಅದೇ ದಿನ ಸಿಗುವಂತೆ ಯಾವ ಹೊತ್ತಿಗೆ ಹೋಗಬೇಕೆಂಬುದು ನನ್ನಲ್ಲೇ ಇರಲಿ. ಆದರೆ ಆ ಯೋಜನೆ ತಿಂಗಳ ಮಾತ್ರೆ ಕೊಡುವುದಿಲ್ಲ. ಅದಕ್ಕೆ ಮಗನ ಇಎಸ್‌ಐಯಲ್ಲಿ ಅವಲಂಬಿತ ತಂದೆಯ ಹೆಸರು ಸೇರಿಸಿಸಿದೆ. ಹೆಸರಿನ ಒಂದಕ್ಷರದ ತಪ್ಪಿಗೆ ಕಾರ್ಖಾನೆಗೆ ನಾಲ್ಕು ಸಲ ಅಲೆದೆ. ತಿಂಗಳಿಗೆ ಸಾವಿರದ ಮೇಲಾಗುತ್ತಿದ್ದ ಮಾತ್ರೆ ಈಗ ಇಎಸ್‌ಐ ಚಿಕಿತ್ಸಾಲಯದಿಂದ ಬರುತ್ತದೆ.

ಅಧ್ಯಕ್ಷರು ಮೊನ್ನೆ ತಮ್ಮ ಮನೆಯ ಕಾರ್ಡುಗಳನ್ನೂ ತಂದಿಟ್ಟರು. ಆ ಸದಸ್ಯೆಯ ಮಗನಿಗೆ ಬಡ್ತಿಯಂತೆ, ಸಂಬಳ ಇಎಸ್‌ಐ ಮಿತಿಯಾದ 21 ಸಾವಿರ ದಾಟುತ್ತದೆ. ಅವರ ಪುಟದಲ್ಲಿ ಇಎಸ್‌ಐ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿಟ್ಟಿದ್ದೇನೆ.