ಕಲಬುರಗಿಯ ಮೇ ತಿಂಗಳಲ್ಲಿ 4.8 ಗಿಗಾಹರ್ಟ್ಸ್: ನನ್ನ ಅನುಭವ

ಹೊರಗೆ 42 ಡಿಗ್ರಿ, ನನ್ನ ಎಡಿಟಿಂಗ್ ಕೋಣೆಯೊಳಗೆ 38 ಡಿಗ್ರಿ ಇರುವ ಮಧ್ಯಾಹ್ನದಲ್ಲಿ, ಬರಿಯ ಟವರ್ ಕೂಲರಿನ (ಫ್ಯಾನಿನ ಗಾಳಿಯಿಂದ ಚಿಪ್ ತಣಿಸುವ ಸಾಧನ) ಬಲದ ಮೇಲೆ ಐ7-8700ಕೆ ಪ್ರೊಸೆಸರಿನ ಆರೂ ಕೋರ್‌ಗಳನ್ನು 4.8 ಗಿಗಾಹರ್ಟ್ಸ್‌ನಲ್ಲಿ ದುಡಿಸುತ್ತೇನೆ, ಅಂದರೆ ತಯಾರಕರು ಇಟ್ಟ ವೇಗಕ್ಕಿಂತ ಮೇಲೆ ಓವರ್‌ಕ್ಲಾಕ್ ಮಾಡುತ್ತೇನೆ ಎಂದಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ನಕ್ಕರು. "ಸರ್, ನಿಮ್ಮೂರಿಗೆ ಮೊದಲು ಎಸಿ ಹಾಕಿಸಿ, ಆಮೇಲೆ ಓವರ್‌ಕ್ಲಾಕ್ ಮಾತಾಡೋಣ" ಎಂದರು. ನನ್ನ ಪಕ್ಕದ ಸ್ಟುಡಿಯೋದ ಗೆಳೆಯನದೂ ಅದೇ ಮಾತು. ಎಸಿ ಇಲ್ಲದೆಯೇ ಎರಡು ಬೇಸಿಗೆ ಕಳೆದಿವೆ. ಮದುವೆಯ ವಿಡಿಯೋಗಳನ್ನು ರೆಂಡರ್ ಮಾಡುವಾಗ ತಾಪಮಾನ 80ರ ಆಸುಪಾಸಿನಲ್ಲಿ ನಿಲ್ಲುತ್ತಿದೆ. ಬಯಾಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟ) ಒಳಗೆ ಓಡಾಡಿ ಅಭ್ಯಾಸವಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ರೊಸೆಸರ್ ಮತ್ತು ಝಡ್370 ಮದರ್‌ಬೋರ್ಡ್ ಎರಡನ್ನೂ ಹಳೆಯ ಮಾಲಾಗಿಯೇ ಸುಮಾರು 22,000 ರೂಪಾಯಿಗೆ ಕೊಂಡಿದ್ದೆ. ಓವರ್‌ಕ್ಲಾಕ್ ಮಾಡದೆ ಆರೂ ಕೋರ್‌ಗಳು 4.3ರಲ್ಲಿ ಓಡುವ ಚಿಪ್ ಇದು. ಎಲ್ಲರಂತೆ ನಾನೂ 5.0ರ ಹುಚ್ಚಿನಿಂದಲೇ ಆರಂಭಿಸಿದೆ. ವೋಲ್ಟೇಜನ್ನು ಆಟೋದಲ್ಲಿ ಬಿಟ್ಟಿದ್ದರಿಂದ ಬೋರ್ಡು ತನ್ನಿಷ್ಟದಂತೆ 1.4 ವೋಲ್ಟಿನವರೆಗೆ ಏರಿಸಿತು, ಎರಡೇ ನಿಮಿಷದಲ್ಲಿ ತಾಪಮಾನ 100 ಮುಟ್ಟಿ ವೇಗ ತಾನೇ ಕುಸಿಯಿತು. ಕೈಯಾರೆ 1.36ಕ್ಕೆ ಇಳಿಸಿದಾಗ ವಿಂಡೋಸ್ ತೆರೆದುಕೊಂಡಿತಾದರೂ ಚಿಪ್ಪಿನ ತಾಳಿಕೆ ಪರೀಕ್ಷಿಸುವ ಪ್ರೈಮ್95 ಐದು ನಿಮಿಷವೂ ಓಡಲಿಲ್ಲ. ಆಗ ಎವಿಎಕ್ಸ್ ಆಫ್‌ಸೆಟ್ ಅನ್ನು (ಎವಿಎಕ್ಸ್ ಎಂಬ ಭಾರದ ಸೂಚನೆಗಳು ಬಂದಾಗ ವೇಗವನ್ನು 0.1 ಗಿಗಾಹರ್ಟ್ಸ್‌ನಂತೆ ಇಳಿಸುವ ಸೆಟ್ಟಿಂಗ್) 2ಕ್ಕೆ ಇಟ್ಟು, ವೇಗ ಅಳೆಯುವ ಸಿನಿಬೆಂಚಿನ ಅಂಕ ನೋಡಿ ಬೀಗಿದೆ.

ದೋಷ ಕೂಲರಿನದೇ ಎಂದು ನಂಬಿ 240 ಎಂಎಂ ಲಿಕ್ವಿಡ್ ಕೂಲರಿಗೆ 7,500 ರೂಪಾಯಿ ಸುರಿದದ್ದು ನನ್ನ ಮೊದಲ ದೊಡ್ಡ ತಪ್ಪು. ಚಿಪ್ ಆರೇಳು ಡಿಗ್ರಿ ತಣ್ಣಗಾಯಿತು, ಆದರೆ ಸಾಕೆಟ್ಟಿನ ಸುತ್ತ ಗಾಳಿ ಆಡುವುದು ನಿಂತು ವಿಆರ್‌ಎಂ (ಪ್ರೊಸೆಸರಿಗೆ ವೋಲ್ಟೇಜ್ ಒದಗಿಸುವ ಭಾಗ) ಹೀಟ್‌ಸಿಂಕನ್ನು ಬೆರಳಿನಿಂದ ಮುಟ್ಟಲಾಗದಷ್ಟು ಕಾಯಿತು. ಹದಿನಾಲ್ಕನೆಯ ತಿಂಗಳಿಗೆ ಪಂಪು ಗರಗರ ಸದ್ದು ಮಾಡಿ ನಿಂತೇಹೋಯಿತು. ವಾರಂಟಿ ಅಷ್ಟರಲ್ಲಿ ಮುಗಿದಿತ್ತು. ಆ ಪಂಪು ಕೈಕೊಟ್ಟದ್ದು ಲಗ್ನಸರಾಯಿಯ ನಡುವೆ, ಮೂರು ಮದುವೆಗಳ ಕೆಲಸ ಬಾಕಿಯಿದ್ದಾಗ. ಮರುದಿನವೇ 5,500 ರೂಪಾಯಿಯ ಜೋಡಿ ಟವರ್ ಕೂಲರ್ ತರಿಸಿದೆ, ಅದೇ ಇಂದಿಗೂ ಇದೆ.

ಕಣ್ಣು ತೆರೆಸಿದ್ದು ಒಂದು ರಾತ್ರಿಯ ರೆಂಡರ್. ವೇಗ, ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟು ನೋಡುತ್ತಿದ್ದಾಗ, ಎಕ್ಸ್‌ಪೋರ್ಟ್ ನಡೆಯುವಷ್ಟು ಹೊತ್ತೂ ಕೋರ್‌ಗಳು 5.0ರಲ್ಲಿ ಇರಲೇ ಇಲ್ಲ, 4.8ರಲ್ಲಿದ್ದವು. ಎಕ್ಸ್264 ಎನ್‌ಕೋಡರ್ ಎವಿಎಕ್ಸ್ ಸೂಚನೆಗಳನ್ನೇ ಬಳಸುವುದರಿಂದ ನಾನಿಟ್ಟ ಆಫ್‌ಸೆಟ್ ಪ್ರತಿ ಬಾರಿಯೂ ವೇಗವನ್ನು ಇಳಿಸುತ್ತಿತ್ತು, ವೋಲ್ಟೇಜ್ ಮಾತ್ರ ನಾನು ಬಿಗಿದಿಟ್ಟ 1.36ರಲ್ಲೇ ಕುಳಿತಿತ್ತು. ಅಂದರೆ ವರ್ಷವಿಡೀ 5.0ಕ್ಕೆ ಬೇಕಾದ ವೋಲ್ಟೇಜ್ ಸುಟ್ಟು 4.8ರ ಕೆಲಸ ಪಡೆಯುತ್ತಿದ್ದೆ! ಆಫ್‌ಸೆಟ್ ಸೊನ್ನೆ ಮಾಡಿ, ವೇಗವನ್ನು 4.8ಕ್ಕೇ ನಿಲ್ಲಿಸಿ, 0.01 ವೋಲ್ಟಿನಂತೆ ಇಳಿಸುತ್ತ ಹೋದೆ. 1.23ರಲ್ಲಿ ನೀಲಿ ಪರದೆ ಬಂತು, 1.24 ಸ್ಥಿರವಾಗಿ ನಿಂತಿತು. ಶಾಖವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ವೇಗ ಕೂದಲೆಳೆಯಷ್ಟೂ ಕಡಿಮೆಯಾಗದೆ 150 ವಾಟಿನ ಬಳಕೆ 125ರ ಹತ್ತಿರಕ್ಕೆ ಬಂತು. 7,500 ರೂಪಾಯಿಯ ಕೂಲರಿನಿಂದ ಆಗದ ಕೆಲಸ ಇದು.

ಇದರ ನಡುವೆ ಎಲ್‌ಎಲ್‌ಸಿ (ಭಾರ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಸೆಟ್ಟಿಂಗ್) ನನ್ನನ್ನು ಹತ್ತು ದಿನ ಅಲೆದಾಡಿಸಿತು. ಬೇರೊಬ್ಬರ ಬೋರ್ಡಿನಲ್ಲಿ 1 ಎಂದರೆ ಅತಿ ಸೌಮ್ಯ ಹಂತ, ನನ್ನ ಬೋರ್ಡಿನಲ್ಲಿ 1 ಎಂದರೆ ಅತಿ ಬಿಗಿ ಹಂತ. ಅವರ ಅಂಕಿಯನ್ನು ಕಣ್ಣು ಮುಚ್ಚಿ ನಕಲು ಮಾಡಿದ್ದರಿಂದ 1.36 ಎಂದು ಬರೆದದ್ದು ಭಾರ ಬಿದ್ದಾಗ 1.42 ತೋರಿಸಿತು. ನಡುವಿನ ಹಂತಕ್ಕೆ ತಂದು, ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಜಗ್ಗಲು ಬಿಟ್ಟ ಮೇಲೆಯೇ ನೆಮ್ಮದಿಯಾಯಿತು. ಇನ್ನೊಂದು ವಾರ, ದಿನಕ್ಕೊಮ್ಮೆ ಕ್ರ್ಯಾಶ್ ಆಗುತ್ತಿದ್ದುದಕ್ಕೆ ಕೋರ್ ವೋಲ್ಟೇಜ್ ಏರಿಸುತ್ತಲೇ ಹೋದೆ. ಕೊನೆಗೆ ನೋಡಿದರೆ ತಪ್ಪು ರ್‍ಯಾಮ್‌ನ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗಿನದಾಗಿತ್ತು. ಅದನ್ನು ಆನ್ ಮಾಡಿದೊಡನೆ ಬೋರ್ಡು ವಿಸಿಸಿಎಸ್ಎ (ಮೆಮೊರಿ ನಿಯಂತ್ರಿಸುವ ಭಾಗದ) ವೋಲ್ಟೇಜನ್ನು 1.35ರವರೆಗೆ ಒಯ್ದಿತ್ತು, ಈಗ 1.12ರಲ್ಲಿ ಸಲೀಸಾಗಿ ನಡೆಯುತ್ತಿದೆ.

ಆದರೂ ಮೇ ತಿಂಗಳಲ್ಲಿ ತಾಪಮಾನ 95 ಕಾಣುತ್ತಿತ್ತು. ಈ ಚಿಪ್ಪಿನ ಮುಚ್ಚಳದ ಕೆಳಗೆ ಬೆಸುಗೆಯಿಲ್ಲ, ಶಾಖವನ್ನು ಅಷ್ಟಾಗಿ ಸಾಗಿಸದ ಪೇಸ್ಟ್ ಇದೆ ಎಂಬುದು ನಮಗೆಲ್ಲ ತಿಳಿದದ್ದೇ. ಅಭ್ಯಾಸಕ್ಕೆಂದು 1,200 ರೂಪಾಯಿಗೆ ಒಂದು ಹಳೆಯ ಪೆಂಟಿಯಂ ತಂದು ಬ್ಲೇಡಿನಿಂದ ಮುಚ್ಚಳ ಬಿಡಿಸಲು ಹೋಗಿ ಹಸಿರು ಹಲಗೆಯನ್ನೇ ಸೀಳಿದೆ. ಬುದ್ಧಿ ಬಂದು, 900 ರೂಪಾಯಿ ಕೊಟ್ಟು 3ಡಿ ಪ್ರಿಂಟ್ ಮಾಡಿದ ಡಿಲಿಡ್ (ಮುಚ್ಚಳ ಬಿಡಿಸುವ) ಸಾಧನ ತರಿಸಿದೆ. ಪೇಸ್ಟಿನ ಬದಲು ಹಾಕುವ ಲಿಕ್ವಿಡ್ ಮೆಟಲ್ ಒಂದು ಗ್ರಾಮಿಗೆ 1,200ರಷ್ಟಾಯಿತು. ಅದು ವಿದ್ಯುತ್ ಹರಿಸುವ ವಸ್ತುವಾದ್ದರಿಂದ ಚಿಪ್ಪಿನ ಪಕ್ಕದ ಸಣ್ಣ ಲೋಹದ ಚುಕ್ಕೆಗಳಿಗೆ ಮನೆಯವಳ ಉಗುರುಬಣ್ಣ ಬಳಿದೆ. ಮುಚ್ಚಳವನ್ನು ಮತ್ತೆ ಅಂಟಿಸುವಾಗ ಅಂಟು ದಪ್ಪವಾಗಿ ನಿಂತು ಸಂದು ಉಳಿಯದಂತೆ ನಾನು ಮಾಡುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಊರಿನ ನಾಲ್ಕು ಜನ ಈಗ ಅದಕ್ಕಾಗಿಯೇ ನನ್ನ ಬಳಿ ಬರುತ್ತಾರೆ. 95 ಇದ್ದದ್ದು 80ಕ್ಕೆ ಇಳಿಯಿತು.

ನಡುವೆ ಒಂದು ಅಡ್ಡದಾರಿಯ ಪ್ರಯೋಗವನ್ನೂ ಮಾಡಿದ್ದೆ. ನಮ್ಮ ಕಡೆಯ ಬೇಸಿಗೆ ಒಣ ಬೇಸಿಗೆಯಾದ್ದರಿಂದ ಮನೆಯ ನೀರಿನ ಕೂಲರನ್ನು ಕೇಸಿನ ಮುಂದೆ ಇಟ್ಟರೆ ಆರು ಡಿಗ್ರಿ ಇಳಿಯುತ್ತದೆ, ಸುಳ್ಳಲ್ಲ. ಆದರೆ ಇಪ್ಪತ್ತು ದಿನಕ್ಕೆ ಹೀಟ್‌ಸಿಂಕಿನ ಎಸಳುಗಳ ನಡುವೆ ತೇವಗೊಂಡ ಧೂಳು ಹಿಟ್ಟಿನಂತೆ ಮೆತ್ತಿಕೊಂಡು, ಗಳಿಸಿದ ಆರು ಡಿಗ್ರಿಯ ಜೊತೆಗೆ ಇನ್ನೂ ನಾಲ್ಕನ್ನು ಕಸಿದುಕೊಂಡಿತು. ನಮ್ಮದು ತೊಗರಿಯ ನಾಡು, ನನ್ನ ಬೀದಿಯ ಕೊನೆಗೆ ದಾಲ್ ಮಿಲ್ಲಿದೆ. ಆ ಧೂಳಿಗೆ ನೀರು ತಗುಲಿದರೆ ಬ್ರಷ್ಷಿಗೂ ಬಗ್ಗುವುದಿಲ್ಲ. ಈಗ ಎದುರಿನ ಫಿಲ್ಟರನ್ನು ವಾರಕ್ಕೊಮ್ಮೆ ಒಣಗಿದ್ದಾಗಲೇ ಕೊಡವುತ್ತೇನೆ.

ಎರಡು ಗಂಟೆಯ ಮದುವೆ ಚಿತ್ರವೊಂದು ಹಿಂದೆ ಬಿಸಿಲಿನಲ್ಲಿ ವೇಗ ಕುಸಿದು 130 ನಿಮಿಷ ತೆಗೆದುಕೊಳ್ಳುತ್ತಿತ್ತು, ಈಗ 90ರೊಳಗೆ ಮುಗಿಯುತ್ತದೆ. ಬಯಾಸಿನಲ್ಲಿ ಎರಡು ಪ್ರೊಫೈಲ್ ಉಳಿಸಿದ್ದೇನೆ: ಬೇಸಿಗೆಗೆ ಈ 4.8, ದೀಪಾವಳಿಯ ನಂತರಕ್ಕೆ 1.29 ವೋಲ್ಟಿನ 4.9. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟ ಕೂಡಲೇ ಎರಡನೆಯದನ್ನು ತೆಗೆದು ಮೊದಲನೆಯದನ್ನು ಹಾಕುತ್ತೇನೆ.